ಹೊಲಿಗೆ ಮೆಷಿನ್ ದೃಶ್ಯ

ನಗಿಸುವುದು ಆ ಮನೆಯಲ್ಲಿ ಅಮ್ಮನ ಕೆಲಸವಾಗಿತ್ತು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದ ಆಕೆ, ಬೇಜಾರಾದಾಗ ಮೆಷಿನ್ನಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುವವಳಂತೆ ನಟಿಸುತ್ತಿದ್ದಳು. ಕಾಲು ಮಾತ್ರ ಪೆಡಲು ತುಳಿಯುತ್ತಲೇ ಇರುತ್ತಿತ್ತು. ಮಕ್ಕಳಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಒಂದು ಮಧ್ಯಾಹ್ನ ಶಾಲೆಯಿಂದ ಬಂದ ಮಗ ಅದನ್ನೇ ಕಂಡ. ಅಮ್ಮನ ತಲೆ ಮೆಷಿನ್ನಿನ ಮೇಲಿತ್ತು. ಕಾಲು ಇನ್ನೂ ಅದುರುತ್ತಿತ್ತು. ನೀಲಿ ಬಟ್ಟೆ ಅಡ್ಡಾದಿಡ್ಡಿ ಹೊಲಿಸಿಕೊಂಡು ನೆಲಕ್ಕೆ ಜಾರುತ್ತಿತ್ತು. ಅವನು ಬಾಗಿಲಲ್ಲೇ ನಿಂತು ಬಿದ್ದು ಬಿದ್ದು ನಕ್ಕ. ಕೆಳಗಿನಿಂದ ನೀರು ತಂದ ಅಕ್ಕ ಕೊಡ ಕೆಳಗಿಟ್ಟು, ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿ, "ಅಮ್ಮಾ" ಎಂದು ಚೀರಿದಾಗಲೇ ಅವನಿಗೆ ತಿಳಿದದ್ದು. ತಾನು ನಕ್ಕದ್ದನ್ನು ಅವನು ಯಾರಿಗೂ ಹೇಳಲಿಲ್ಲ.

ಅಕ್ಕ ಅದೇ ಮೆಷಿನ್ನಿನ ಮುಂದೆ ಕೂತು ಅವನನ್ನು ಸಾಕಿದಳು. ಅವನು ಸಿನಿಮಾ ಸೇರಿ, ಯಾರು ಯಾರದೋ ಕೈಕೆಳಗೆ ವರ್ಷಗಟ್ಟಲೆ ದುಡಿದು, ಕೊನೆಗೆ ಸ್ವಂತ ಚಿತ್ರವೊಂದಕ್ಕೆ ಕೈಹಾಕಿದಾಗ ಅಮ್ಮನ ಕಥೆಯನ್ನೇ ಆರಿಸಿಕೊಂಡ. ಅಂದಿನ ನಗುವಿಗೆ ಅದು ಪ್ರಾಯಶ್ಚಿತ್ತ ಎಂದುಕೊಂಡಿದ್ದ. ಚಿತ್ರೀಕರಣಕ್ಕೆ ಅಕ್ಕ ಮೆಷಿನ್ನನ್ನು ತಾನೇ ಒರೆಸಿ ಎಣ್ಣೆ ಬಿಟ್ಟು ಕಳಿಸಿಕೊಟ್ಟಳು. "ಅಮ್ಮನ್ನ ಚೆನ್ನಾಗಿ ತೋರ್ಸೋ. ನಂಗೆ ಅಷ್ಟು ಸಾಕು" ಎಂದಳು.

ಸಾವಿನ ದೃಶ್ಯವನ್ನು ಅವನು ಕಂಡಂತೆಯೇ ತೆಗೆದ. ಸಂಗೀತವಿಲ್ಲ, ಅಳುವಿಲ್ಲ, ಬರೀ ಮೆಷಿನ್ನಿನ ಸದ್ದು. ಮೊದಲ ಪ್ರದರ್ಶನದ ದಿನ ಅಕ್ಕ ಅವನ ಪಕ್ಕದಲ್ಲಿ ಕೂತಿದ್ದಳು. ಪರದೆಯ ಮೇಲೆ ತಲೆ ಬಾಗಿತು, ಕಾಲು ತುಳಿಯುತ್ತಲೇ ಇತ್ತು. ಬಾಲ್ಕನಿಯಿಂದ ಯಾರೋ ಕೂಗಿದರು: "ಅಮ್ಮ ಓವರ್‌ಟೈಮ್ ಮಾಡ್ತಾ ಇದಾಳೆ ಕಣ್ರೋ!"

ಚಿತ್ರಮಂದಿರ ಒಡೆದುಹೋಗುವಂತೆ ನಕ್ಕಿತು. ಅಕ್ಕ ತಮ್ಮನ ಕಡೆ ತಿರುಗಿದಳು. ಅವನೂ ನಗುತ್ತಿದ್ದ.

ಹೊರಗೆ ನಿರ್ಮಾಪಕ ಅವನ ಹೆಗಲಿಗೆ ಕೈಹಾಕಿದ. ಜನ ಆ ಚಿತ್ರಕ್ಕೆ ಅಳುವುದಿಲ್ಲ ಎಂಬುದು ನಿರ್ಮಾಪಕನಿಗೆ ಆಗಲೇ ಖಚಿತವಾಗಿತ್ತು.

"ನಗ್ತಾರಲ್ಲಯ್ಯ, ನಗ್ಲಿ ಬಿಡು! ಪೋಸ್ಟರ್ ಬದಲಾಯ್ಸೋಣ. ಆ ಸೀನಿಗೆ ಒಂದು ಟುಯ್ ಟುಯ್ ಅಂತ ಸದ್ದು ಸೇರ್ಸು. ಕೊನೇಲಿ ಆಯಮ್ಮ ಎದ್ದು ಕೂರ್ಲಿ."

"ಅದು ನಮ್ಮಮ್ಮ, ಸರ್."

"ಗೊತ್ತು. ಅದಕ್ಕೇ ಹೇಳ್ತಿರೋದು. ನಿಮ್ಮಮ್ಮ ನಿನ್ನ ಕೈ ಹಿಡೀತಾರೆ."

ಒಂದು ವಾರ ಅವನು ಎಡಿಟಿಂಗ್ ಕೋಣೆಯಲ್ಲಿ ಕೂತು ಸದ್ದು ಸೇರಿಸಿದ. ಸತ್ತವಳು ಎದ್ದು ಕೂತಳು. ಚಿತ್ರ ತಿಂಗಳುಗಟ್ಟಲೆ ಓಡಿತು.

ಅಕ್ಕ ಜಗಳವಾಡಲಿಲ್ಲ. ಅವನು ಮನೆಗೆ ಹೋದರೆ ಬಡಿಸುತ್ತಿದ್ದಳು, ಆರೋಗ್ಯ ವಿಚಾರಿಸುತ್ತಿದ್ದಳು. ಅವನ ಸಿನಿಮಾದ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಅವನು ಒಂದರ ಮೇಲೊಂದು ಹಾಸ್ಯಚಿತ್ರ ತೆಗೆದ. ಮನುಷ್ಯ ನಿಂತ ಮೇಲೂ ನಿಲ್ಲದೆ ನಡೆಯುವ ಲಿಫ್ಟು, ಫ್ಯಾನು, ಗಿರಣಿ ಅವನ ಗುರುತಾದವು. ವಿಮರ್ಶಕರು ಅದಕ್ಕೆ ದೊಡ್ಡ ದೊಡ್ಡ ಅರ್ಥ ಹಚ್ಚಿದರು. ಎರಡು ಬಾರಿ ಗಂಭೀರ ಕಥೆ ಹಿಡಿದು ಓಡಾಡಿದ. ಮೊದಲನೆಯ ಸಾಲು ಓದುವುದರೊಳಗೇ ಎದುರಿಗಿದ್ದವರು ನಗುತ್ತಿದ್ದರು. ಅವನು ಹೇಳಿದ್ದೆಲ್ಲ ತಮಾಷೆಯೇ ಎಂದುಕೊಳ್ಳುವುದು ಅವರಿಗೆ ಅಭ್ಯಾಸವಾಗಿತ್ತು. ಹೆಂಡತಿಯೂ ಅದನ್ನೇ ಹೇಳಿ ಮನೆ ಬಿಟ್ಟಳು: "ಒಂದು ಮಾತನ್ನಾದ್ರೂ ನೇರವಾಗಿ ಆಡಿದ್ದೀರಾ ನನ್ನ ಹತ್ರ?"

ವಯಸ್ಸಾಯಿತು. ಚಿತ್ರಗಳು ನೆಲಕಚ್ಚಿದವು. ಟಿವಿಯವರು ಕರೆದು ವಾರಕ್ಕೊಂದು ಹಾಸ್ಯ ಕಾರ್ಯಕ್ರಮ ಕೊಟ್ಟರು. ಹಳೆಯ ಗೋದಾಮಿನಲ್ಲಿ ಬೆಂಚು ಹಾಕಿ ಕರೆತಂದ ಪ್ರೇಕ್ಷಕರನ್ನು ಕೂರಿಸುತ್ತಿದ್ದರು. ಅವರ ನಗು ಸಾಲದಿದ್ದರೆ ಎಡಿಟರ್ ಕಂಪ್ಯೂಟರಿನಿಂದ ಸುರಿಯುತ್ತಿದ್ದ. "ಸರ್, ಇಲ್ಲಿ ದೊಡ್ಡ ನಗು ಹಾಕ್ಲಾ, ಮಧ್ಯಮದ್ದು ಸಾಕಾ?" ಎಂದು ಕೇಳುತ್ತಿದ್ದ. ನಿರ್ದೇಶಕನಾದ ಅವನಿಗೆ ಅದು ಗೊತ್ತಿತ್ತು. ಎಲ್ಲಿ ಎಷ್ಟು ನಗು ಬೇಕೆಂಬುದು ಮಾತ್ರ ಅವನಿಗೆ ಎಂದೂ ತಪ್ಪುತ್ತಿರಲಿಲ್ಲ.

ಅಕ್ಕ ಆಸ್ಪತ್ರೆ ಸೇರಿದ್ದಾಳೆಂದು ಅವಳ ಮಗಳು ಫೋನ್ ಮಾಡಿದಾಗ ಅವನು ಗೋದಾಮಿನಿಂದ ಹಾಗೇ ಹೊರಟ. ಅಕ್ಕನ ತೋಳು ಕಡ್ಡಿಯಾಗಿತ್ತು. ಡ್ರಿಪ್ ಬದಲಾಯಿಸಲು ಬಂದ ನರ್ಸ್ ಅವನನ್ನು ಗುರುತಿಸಿದಳು.

"ನೀವಾ ಸರ್! ಆ ಹೊಲಿಗೆ ಮೆಷಿನ್ ಸೀನು... ನಮ್ಮಪ್ಪ ಈಗ್ಲೂ ನೆನೆಸ್ಕೊಂಡು ನಗ್ತಾರೆ."

ಅವನು ಕೈಮುಗಿದ. ನರ್ಸ್ ಹೋದ ಮೇಲೆ ಅಕ್ಕ ಅವನ ಕಡೆ ತಿರುಗಿದಳು.

"ಅವತ್ತು ಥಿಯೇಟರಲ್ಲಿ ನೀನೂ ನಕ್ಕೆಯಲ್ಲ, ಯಾಕೋ?"

ಇಷ್ಟು ವರ್ಷ ಅವಳು ಅದನ್ನು ಕೇಳಿರಲಿಲ್ಲ. ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಅದಕ್ಕೂ ಮುಂಚೆಯೇ ನಕ್ಕಿದ್ದೆ ಅಕ್ಕ, ಅಮ್ಮ ಸತ್ತ ದಿನ, ಬಾಗಿಲಲ್ಲಿ ನಿಂತು, ಅಮ್ಮ ನಮ್ಮನ್ನು ನಗಿಸುತ್ತಿದ್ದಾಳೆ ಎಂದುಕೊಂಡು. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಬಾಯಿ ತನ್ನ ಹಳೆಯ ಚಾಳಿಯನ್ನೇ ಹಿಡಿಯಿತು.

"ದುಡ್ಡು ಕೊಟ್ಟು ಬಂದಿದ್ರಲ್ಲಕ್ಕ ಜನ, ಅವ್ರ ಜೊತೆ ಜಗಳ ಆಡೋಕಾಗುತ್ತಾ?"

ಮಾತು ಮುಗಿಸಿ ಅವನು ನಗುವಿಗೆ ಕಾದ. ಬೇಕೆಂದಲ್ಲ, ಅಭ್ಯಾಸ.

"ಹೋಗ್ಲಿ ಬಿಡು" ಎಂದು ಅಕ್ಕ ಗೋಡೆಯ ಕಡೆ ಹೊರಳಿದಳು.

ಸಂಜೆಯ ಹೊತ್ತಿಗೆ ಅವಳಿಗೆ ಮಾತು ನಿಂತಿತು. ಆಮೇಲೆ ಅವನು ದಿನವೂ ಬಂದು, ಕುರ್ಚಿಯನ್ನು ಮಂಚಕ್ಕೆ ಒತ್ತಿಕೊಂಡು, ಅವಳ ಕಿವಿಯ ಹತ್ತಿರ ಬಾಗಿ ನಡೆದದ್ದನ್ನು ನಡೆದಂತೆ ಹೇಳಿದ. ಮತ್ತೆ ಮತ್ತೆ ಹೇಳಿದ. ಅವಳ ಕಣ್ಣುಗಳು ತೆರೆದೇ ಇದ್ದವು. ಕೇಳಿಸಿತೆನ್ನಲು ಒಂದು ಗುರುತೂ ಸಿಗಲಿಲ್ಲ. ಹೀಗೆಯೇ ಅವಳು ಹೋದಳು.

ಮಣ್ಣು ಮಾಡಿ ಬಂದ ಮೇಲೆ ಅವನು ಅಕ್ಕನ ಮಗಳನ್ನು ಪಕ್ಕಕ್ಕೆ ಕರೆದು ಅದನ್ನೇ ಹೇಳಿದ. ಅವಳು ಪೂರ್ತಿ ಕೇಳಿದಳು.

"ಅಮ್ಮಂಗೆ ಗೊತ್ತಿತ್ತು ಮಾವ" ಎಂದಳು. "ನೀರು ತರ್ತಾ ಮೆಟ್ಲು ಹತ್ತೋವಾಗ ನೀವು ನಗೋದು ಕೇಳಿಸ್ತಂತೆ. ಪಾಪ, ಮಗು, ಆಟ ಅಂದ್ಕೊಂಡಿತ್ತು ಅಂತಿದ್ರು. ನೀವೇ ಬಾಯ್ಬಿಟ್ಟು ಒಂದ್ಸಲ ಹೇಳ್ತೀರೇನೋ ಅಂತ ಕಾದ್ರು. ಈಗ ನಂಗೆ ಹೇಳಿದ್ರೆ ನಾನೇನ್ ಮಾಡ್ಲಿ?"

ಅವಳು ಬಂದವರಿಗೆ ಹಾಕಿದ್ದ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿಡಲು ಹೋದಳು.

ಮುಂದಿನ ವಾರ ಗೋದಾಮಿನಲ್ಲಿ ಚಿತ್ರೀಕರಣವಿತ್ತು. ಅವನು ಹೋದ. ನಟರು ಮೂರು ಸಲ ಅಭ್ಯಾಸ ಮಾಡಿ ತೋರಿಸಿದರು. ಯಾವುದು ಚೆನ್ನಾಗಿತ್ತೆಂದು ಹೇಳಲು ಅವನಿಗೆ ತೋಚಲಿಲ್ಲ. ಎಡಿಟಿಂಗಿನಲ್ಲಿ ಹುಡುಗ ಎಂದಿನಂತೆ ನಗು ಯಾವುದು ಹಾಕಲಿ ಎಂದು ಕೇಳಿದ. "ನಿಂಗೆ ತೋಚಿದ್ದು ಹಾಕಪ್ಪ" ಎಂದು ಹೇಳಿ ಅವನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ವರ್ಷ ತುಂಬುವುದರೊಳಗೆ ಟಿವಿಯವರು ಅವನ ಜಾಗಕ್ಕೆ ಬೇರೊಬ್ಬನನ್ನು ತಂದರು. ಆ ಸುದ್ದಿ ಕೊಡಲು ಬಂದಿದ್ದ ಮ್ಯಾನೇಜರ್, ಅವನು ತೆಪ್ಪಗೆ ತಲೆಯಾಡಿಸಿದ್ದನ್ನು ನೋಡಿ, ಇದೂ ಒಂದು ತಮಾಷೆಯಿರಬೇಕೆಂದು ಸ್ವಲ್ಪ ಹೊತ್ತು ಮುಗುಳ್ನಗುತ್ತಾ ನಿಂತಿದ್ದ. ಆಮೇಲೆ ವಾಚ್ ನೋಡಿಕೊಂಡು ಹೊರಟುಹೋದ.