ಎಡಗಾಲಿಗೆ ಕೆಲಸವಿಲ್ಲದ ಗಾಡಿ

"ಸ್ಟಾರ್ಟ್ ಆಗಿದೆ ಅಪ್ಪಾ. ಇನ್ನೆಷ್ಟ್ ಸಲ ಒತ್ತೀಯ?"

ಪಿಳ್ಳಪ್ಪ ಬಟನ್ನಿನಿಂದ ಬೆರಳು ತೆಗೆದು ಕಿವಿಗೊಟ್ಟ. ಸದ್ದೇ ಇಲ್ಲ. ಊರ ಹತ್ತಿರದ ಮಧುರೆಯ ಗುಡಿಯೆದುರು ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಡಿಸಿಕೊಂಡು, ಚೆಂಡುಹೂವಿನ ಹಾರ ಹೊತ್ತು, ಬ್ಯಾಟರಿಯಲ್ಲೂ ಓಡುವ ಹೊಸ ಹೈಕ್ರಾಸ್ ಕಾರು ಉಸಿರಿಲ್ಲದಂತೆ ನಿಂತಿತ್ತು. ಹಿಂದೆ ಪೂಜೆಗೆ ಕಾದಿದ್ದ ಟೆಂಪೋದವನು ಆಗಲೇ ಎರಡು ಸಲ ಹಾರನ್ ಹೊಡೆದಿದ್ದ.

ಮನೆಗೆ ಬಂದ ಪ್ರತಿ ಗಾಡಿಯನ್ನೂ ಮೊದಲು ನಿಂಬೆಹಣ್ಣಿನ ಮೇಲೆ ಹತ್ತಿಸಿದವನು ಪಿಳ್ಳಪ್ಪನೇ. ಆದರೆ ಇವತ್ತಿನದು ಬರೀ ಶಾಸ್ತ್ರವಾಗಿರಲಿಲ್ಲ. ಬೆಳಿಗ್ಗೆ ಮಗ ಬೈರೇಶ್ ಹಲ್ಲುಜ್ಜುತ್ತಲೇ ಹೇಳಿದ್ದ: "ಗುಡಿ ಹತ್ರ ಓಡ್ಸಿ ನೋಡು. ಕೈಗೆ ಕೂತ್ರೆ ನಾಳೆಯಿಂದ ಏರ್‌ಪೋರ್ಟ್ ಡ್ಯೂಟಿ ನಿಂದೇ. ಇಲ್ಲಾಂದ್ರೆ ಡ್ರೈವರ್ ಶ್ರೀಧರ್ ಬರ್ತಾನೆ. ನಿನ್ ಮಂಡಿ ನೋಡ್ಕೋ ಮೊದ್ಲು."

ಮಂಡಿ ಸವೆಸಿದ್ದೂ ಗಾಡಿಗಳೇ. ಮೊದಲು ಕ್ವಾಲಿಸ್, ಏರ್‌ಪೋರ್ಟಿಗೆ ಇನ್ನೂ ಬೇಲಿ ಹಾಕುತ್ತಿದ್ದ ಕಾಲ. ಹಿಂದೆ ಎದುರುಬದುರು ಸೀಟು. ವಿಜಯಪುರದ ಮದುವೆಗೆ ಹದಿಮೂರು ಜನ, ಎರಡು ಹಂಡೆ ಹೇರಿಕೊಂಡು ಹೋದರೂ ನರಳದ ಗಾಡಿ. ಕ್ಲಚ್ ಮಾತ್ರ ಏತ ತುಳಿದಂತೆ. ಹೆಂಡತಿ ಅಮ್ಮಯಮ್ಮ ಹುಣಸೇಹಣ್ಣು ಚೀಪುತ್ತಾ, ಪ್ಲಾಸ್ಟಿಕ್ ಕವರ್ ಬಿಡಿಸಿಟ್ಟುಕೊಂಡೇ ಕೂರುತ್ತಿದ್ದಳು. ದೇವನಹಳ್ಳಿ ದಾಟುವಷ್ಟರಲ್ಲಿ ವಾಂತಿ. ಆಮೇಲೆ ಇನ್ನೋವಾ ಬಂತು. ಹಿಂದಿನ ಸಾಲಿಗೂ ತಣ್ಣನೆ ಗಾಳಿ, ಹಳ್ಳದಿಣ್ಣೆಯಲ್ಲೂ ಅಮ್ಮಯಮ್ಮನ ಹೊಟ್ಟೆ ತೊಳಸುವುದು ಕಮ್ಮಿಯಾಯಿತು. ಅದಾದ ಮೇಲಿನ ಕ್ರಿಸ್ಟಾದಲ್ಲಂತೂ ವಿಮಾನದಿಂದ ಇಳಿದು ಬಂದವರು ಒಬ್ಬೊಬ್ಬರಿಗೂ ಬೇರೆಯಾಗಿದ್ದ, ಕೈಯೂರುವ ಸೀಟಿನಲ್ಲಿ, ಹೆಬ್ಬಾಳ ಬರುವ ಮೊದಲೇ ಗೊರಕೆ ಹೊಡೆಯುತ್ತಿದ್ದರು. ಆ ಹೆಬ್ಬಾಳದ ಜಾಮಿನಲ್ಲಿ ಕ್ಲಚ್ ಒತ್ತಿ, ಬಿಟ್ಟು, ಮತ್ತೆ ಒತ್ತಿ ಪಿಳ್ಳಪ್ಪನ ಎಡಗಾಲು ಬತ್ತಿಹೋಯಿತು. ಈಗ ಗೇರ್ ತಾನಾಗಿ ಬದಲಾಗುವ, ಕ್ಲಚ್ಚೇ ಇಲ್ಲದ ಗಾಡಿ ಬಂದಿದೆ.

"ಎಡಗಾಲು ಹಿಂದಕ್ಕೆ ಮಡಚ್ಕೊ," ಪಕ್ಕದಲ್ಲಿದ್ದ ಬೈರೇಶ್ ಹೇಳಿದ. "ಅದಕ್ಕೇನೂ ಕೆಲ್ಸ ಇಲ್ಲ."

"ಗೊತ್ತು ಬಿಡ್ಲಾ."

ಬಲಗಾಲು ಮೆಲ್ಲಗೆ ಒತ್ತಿದ. ನಿಂಬೆಹಣ್ಣು ಪಚಕ್ಕೆಂದವು. ಗಾಡಿ ನೀರಿನ ಮೇಲೆ ಹೋದಂತೆ ಮುಂದೆ ಸರಿಯಿತು. ಇಷ್ಟೇನಾ ಅಂದುಕೊಂಡ. ವೇಗ ಏರಿತು; ಎರಡನೇ ಗೇರ್ ಹಾಕುವ ಹೊತ್ತು ಬಂತೆಂದು ಮೈಯೇ ಹೇಳಿತು. ಎಡಗಾಲು ಎದ್ದು ಬಲವಾಗಿ ತುಳಿಯಿತು.

ಗಾಡಿ ಕಚ್ಚಿಕೊಂಡು ನಿಂತಿತು. ಹಿಂದೆ ಕೂತಿದ್ದ ಅಮ್ಮಯಮ್ಮನ ಹಣೆ ಮುಂದಿನ ಸೀಟಿಗೆ ಬಡಿಯಿತು. ಪೂಜಾರಿ ಬೂದುಗುಂಬಳ ಹಿಡಿದೇ ಪಕ್ಕಕ್ಕೆ ನೆಗೆದ.

"ಅಪ್ಪಾ, ಅದು ಕ್ಲಚ್ಚಲ್ಲ, ಬ್ರೇಕು!"

"ಇನ್ನೊಂದ್ಸಲ ನೋಡ್ತೀನಿ."

ಎಡಗಾಲನ್ನು ಬಲವಂತವಾಗಿ ಹಿಂದಕ್ಕೆಳೆದು ಹೊರಟ. ಗುಡಿಯ ಕಮಾನಿನ ಹತ್ತಿರ ಸ್ಕೂಟರೊಂದು ಅಡ್ಡ ಬಂತು. ಎರಡೂ ಕಾಲು ಒಟ್ಟಿಗೆ ಬ್ರೇಕಿನ ಮೇಲೆ ಬಿದ್ದವು. ಹಿಂದೆಯೇ ಬರುತ್ತಿದ್ದ ಟೆಂಪೋ ಕೀಚೆಂದು ನಿಂತಿತು.

"ಏನ್ ಗುರು," ಟೆಂಪೋದವನು ಕತ್ತು ಹೊರಹಾಕಿದ, "ಗಾಡಿ ಹೊಸದಾ, ಡ್ರೈವರ್ ಹೊಸಬ್ನಾ?"

ಬೈರೇಶ್ ಜಗಳಕ್ಕೆ ಬಾಗಿಲು ತೆರೆಯುವಷ್ಟರಲ್ಲಿ ಪಿಳ್ಳಪ್ಪ ಇಳಿದಾಗಿತ್ತು. ಮಂಡಿ ಹಿಡಿದುಕೊಂಡು ಸುತ್ತಿ ಬಂದು ಅಮ್ಮಯಮ್ಮನ ಪಕ್ಕ ಕೂತ.

"ಶ್ರೀಧರಂಗೆ ಹೇಳ್ಬಿಡು," ಅಂದ.

"ಆಮೇಲ್ ನೋಡಿದ್ರಾಯ್ತು ಬಿಡಪ್ಪಾ," ಎನ್ನುತ್ತಾ ಬೈರೇಶ್ ಸ್ಟೇರಿಂಗ್ ಹಿಡಿದ. ಕನ್ನಡಿಯಲ್ಲಿ ಅಪ್ಪನತ್ತ ನೋಡಲಿಲ್ಲ.

ಸ್ವಂತ ಗಾಡಿಯಲ್ಲಿ ಪಿಳ್ಳಪ್ಪ ಹಿಂದೆ ಕೂತದ್ದೇ ಇಲ್ಲ. ಕಿಟಕಿಯಲ್ಲಿ ದ್ರಾಕ್ಷಿ ಚಪ್ಪರಗಳು ಅಡ್ಡಡ್ಡ ಓಡತೊಡಗಿದವು. ಎರಡು ತಿರುವು ದಾಟುವಷ್ಟರಲ್ಲಿ ಬಾಯಿಗೆ ಹುಳಿನೀರು ಬಂತು. ರಸ್ತೆಯುಬ್ಬು ಹತ್ತಿರವಾದಾಗ ಎಡಗಾಲು ತಾನಾಗಿ ನೆಲ ಒತ್ತಿತು. ಶೋರೂಮಿನವರು ಕಾಲಡಿ ಹಾಸಿದ್ದ ಪ್ಲಾಸ್ಟಿಕ್ ಚರಕ್ ಎಂದಿತು.

"ಏನ್ ಸದ್ದದು?" ಅಮ್ಮಯಮ್ಮ ಕೇಳಿದಳು.

"ಏನಿಲ್ಲ."

ಅವಳು ಗಂಡನ ಮುಖ ನೋಡಿದಳು. ಬ್ಯಾಗು ತೆರೆದು, ನಾಲ್ಕು ಮಡಿಕೆ ಮಾಡಿಟ್ಟಿದ್ದ ಕವರ್ ತೆಗೆದು, ಒದರಿ ಬಿಡಿಸಿ ಅವನ ಕೈಗಿಟ್ಟಳು. ಮುಂದಿನ ಉಬ್ಬಿಗೆ ಮತ್ತೆ, ಚರಕ್.