ಪೆಟ್ಟಿಗ್ಯಾಗ ಐತ್ರಿ

ನಾನು ಒಂದು ಮರದ ಪೆಟ್ಟಿಗೆ. ಚಪ್ಪಟೆಯಾದ, ಜಾರುವ ಮುಚ್ಚಳದ ಪೆಟ್ಟಿಗೆ. ನನ್ನ ಹೊಟ್ಟೆಯಲ್ಲಿ ಹದಿನಾರು ಘನಗಳಿದ್ದವು; ನಾಲ್ಕು ಸಾಲು, ಸಾಲಿಗೆ ನಾಲ್ಕು. ಒಂದೊಂದು ಘನಕ್ಕೂ ಒಂದು ಮುಖ ಪೂರ್ತಿ ಕೆಂಪು, ಒಂದು ಮುಖ ಪೂರ್ತಿ ಬಿಳಿ, ಇನ್ನು ಕೆಲವು ಮೂಲೆಯಿಂದ ಮೂಲೆಗೆ ಗೆರೆ ಎಳೆದು ಅರ್ಧ ಕೆಂಪು, ಅರ್ಧ ಬಿಳಿ.

ಮೈಸೂರಿನ ಬಡಗಿ ಪುಟ್ಟಾಚಾರಿ ನನ್ನನ್ನು ಮಾಡಿದ. ಘನಗಳನ್ನು ಉಜ್ಜಿ, ಬಣ್ಣ ಬಳಿದು, ನನ್ನೊಳಗೆ ಕೂರಿಸಿ ನೋಡುತ್ತಿದ್ದ. ಒಂದು ಕೂದಲಷ್ಟು ಸಡಿಲವಿದ್ದರೂ ತೆಗೆದು ಬೇರೆಯದನ್ನು ಕೊರೆಯುತ್ತಿದ್ದ. ಕೊನೆಗೆ ಮುಚ್ಚಳ ಜಾರಿಸಿ, ನನ್ನನ್ನು ಮಾಡಿಸಿದ ಪ್ರೊಫೆಸರ್ ವನಮಾಲಾ ಅವರ ಕೈಗೆ ಕೊಟ್ಟ. “ಅಲ್ಲಾಡಿಸಿ ನೋಡಿ ಮೇಡಂ. ಸದ್ದು ಬಂದ್ರೆ ನನ್ನ ಮುಖದ ಮೇಲೆ ಎಸೀರಿ” ಎಂದ.

ಅವರು ಅಲ್ಲಾಡಿಸಿದರು. ಸದ್ದು ಬರಲಿಲ್ಲ.

ವನಮಾಲಾ ಅವರು ಮನಃಶಾಸ್ತ್ರ ಕಲಿಸುತ್ತಿದ್ದರು. ಪ್ರತಿಭಾವಂತ ಮಕ್ಕಳಿಗೆಂದೇ ಇದ್ದ ಒಂದು ವಸತಿ ಶಾಲೆಗೆ ಮಕ್ಕಳನ್ನು ಆರಿಸುವ ಹೊಣೆ ಅವರದು. ನನ್ನನ್ನು ಮೇಜಿನ ಮೇಲಿಟ್ಟು ತಮ್ಮ ವಿದ್ಯಾರ್ಥಿಗಳಿಗೆ ಹೇಳಿದ ಮಾತು ನನಗೆ ಈಗಲೂ ನೆನಪಿದೆ. “ಆ ಶಾಲೇಲಿ ಯಾರ ಮಕ್ಕಳಿದಾರೆ ನೋಡಿ. ಮೇಷ್ಟ್ರ ಮಕ್ಕಳು, ಡಾಕ್ಟರ ಮಕ್ಕಳು. ಮಿಕ್ಕ ಓಣಿಗಳಲ್ಲಿ ಬುದ್ಧಿ ಹುಟ್ಟೋದೇ ಇಲ್ವ? ಪ್ರಶ್ನೆ ನಮ್ಮ ಮನೆ ಭಾಷೇಲಿದ್ರೆ ಉತ್ತರಾನೂ ನಮ್ಮ ಮನೆಯಿಂದಾನೇ ಬರುತ್ತೆ. ಈ ಪೆಟ್ಟಿಗೆಗೆ ಭಾಷೆ ಬೇಡ, ಪುಸ್ತಕ ಬೇಡ. ಕಣ್ಣು, ಕೈ, ತಲೆ ಇದ್ರೆ ಸಾಕು.”

ಆ ದಿನ ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ನಾನು ಯಾರ ಜಾತಿಯನ್ನೂ ಕೇಳುವವನಲ್ಲ, ಯಾರ ಉಚ್ಚಾರಕ್ಕೂ ನಗುವವನಲ್ಲ. ತಕ್ಕಡಿಯಂತೆ ನಾನು ಎಂದುಕೊಂಡೆ. ತಕ್ಕಡಿಯ ಮುಳ್ಳನ್ನು ಓದುವ ಕಣ್ಣೊಂದು ಬೇಕೆಂಬುದು ಆಗ ನನಗೆ ಹೊಳೆಯಲಿಲ್ಲ.

ಕೆಲಸ ಸರಳವಾಗಿತ್ತು. ಘನಗಳನ್ನು ಮೇಜಿನ ಮೇಲೆ ಚೆಲ್ಲಬೇಕು. ಕೆಂಪು ಬಿಳಿ ಚಿತ್ತಾರವಿರುವ ಒಂದು ಕಾರ್ಡನ್ನು ಮಗುವಿಗೆ ತೋರಿಸಬೇಕು. ಮಗು ಹಾಗೆಯೇ ಜೋಡಿಸಬೇಕು. ಗಡಿಯಾರ ನಿಂತಾಗ ಮೇಜಿನ ಮೇಲೆ ಏನಿದೆಯೋ ಅದೇ ಉತ್ತರ.

ವನಮಾಲಾ ಅವರ ಶಿಷ್ಯ ಹೇಮಂತ ನನ್ನನ್ನೂ ನನ್ನಂಥದೇ ಇನ್ನೊಂದು ಪೆಟ್ಟಿಗೆಯನ್ನೂ ಚೀಲದಲ್ಲಿಟ್ಟುಕೊಂಡು ಊರೂರು ತಿರುಗಿದ. ಮೃದು ಸ್ವಭಾವದ ಹುಡುಗ. ಅಳುವ ಮಕ್ಕಳಿಗೆ ಕೊಡಲು ಜೇಬಿನಲ್ಲಿ ಪೆಪ್ಪರಮಿಂಟು ಇಟ್ಟುಕೊಂಡಿರುತ್ತಿದ್ದ. ಹೀಗೆ ತಿರುಗುತ್ತ ಧಾರವಾಡದ ಕಡೆಯ ಒಂದು ಸರ್ಕಾರಿ ಶಾಲೆಗೆ ಬಂದೆವು. ಅಲ್ಲಿನ ಶಾಕಿರಾ ಟೀಚರ್ ಒಬ್ಬ ಹುಡುಗಿಯ ಭುಜ ಹಿಡಿದು ಮುಂದೆ ತಂದರು.

“ಇಕಿ ತುಳಜಾ ಅಂತ್ರಿ ಸರ್. ಕೌದಿ ಹೊಲಿಯೋ ಅಂಬವ್ವನ ಮಗಳು. ಮನ್ಯಾಗ ಮರಾಠಿ, ಓಣ್ಯಾಗ ಕನ್ನಡ. ಪರೀಕ್ಷಾದಾಗ ಏನೂ ಬರಿಯಂಗಿಲ್ಲ, ಖರೆ. ಆದ್ರ ನಾ ಬೋರ್ಡಿನ ಮ್ಯಾಲ ಲೆಕ್ಕ ತಪ್ಪಿದ್ರ ಇಕಿ ಕಣ್ಣ ಮೊದಲ ಅಲ್ಲಿಗೆ ಹೋಗ್ತಾವ್ರಿ. ಇಕಿನ್ನ ಬಿಟ್ರ ಈ ಶಾಲ್ಯಾಗ ನೀವು ಯಾರನ್ನ ನೋಡಿದ್ರೂ ಅಷ್ಟ.”

ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊದಿಕೆ ಹೊಲಿಯುವುದು ತುಳಜಾಳ ಮನೆಯ ಕಸುಬು. ವರ್ಷದಲ್ಲಿ ಅರ್ಧ ಕಾಲ ಊರೂರು ಅಲೆತ. ಈ ಆಯ್ಕೆಯಲ್ಲಿ ಗೆದ್ದರೆ ಅವಳು ಹತ್ತನೆಯ ತರಗತಿಯವರೆಗೆ ಒಂದೇ ಕಡೆ ಇದ್ದು ಓದಬಹುದು. ಸೋತರೆ, ಮಾರ್ಗಶಿರದ ಹೊತ್ತಿಗೆ ಗಂಟು ಹೊತ್ತು ತಾಯಿಯ ಹಿಂದೆ ಹೊರಡಬೇಕು. ಅಂಬವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು.

ಮಧ್ಯಾಹ್ನದ ಊಟದ ಹೊತ್ತಿನೊಳಗೆ ಎಲ್ಲರನ್ನೂ ಮುಗಿಸಬೇಕಿತ್ತು. ಅದಕ್ಕೆಂದು ಹೇಮಂತ ಆ ದಿನ ಎರಡು ಮೇಜು ಹಾಕಿ ಇಬ್ಬರನ್ನು ಒಟ್ಟಿಗೆ ಕೂರಿಸಿದ. ತಲೆಯ ಮೇಲೆ ಫ್ಯಾನು ಕಿರ್ರೆನ್ನುತ್ತ ಜೋರಾಗಿ ತಿರುಗುತ್ತಿತ್ತು. ಸುಲಭದ ಕಾರ್ಡುಗಳಲ್ಲಿ ತುಳಜಾ ಬಹಳ ನಿಧಾನ. ಘನವನ್ನು ಮುಟ್ಟಲೂ ಅಪ್ಪಣೆ ಬೇಕೇನೋ ಎಂಬಂತೆ ಹೇಮಂತನ ಮುಖ ನೋಡುತ್ತಿದ್ದಳು. ಕೊನೆಯ ಕಾರ್ಡು ಎಲ್ಲಕ್ಕಿಂತ ಕಠಿಣ. ಹದಿನಾರೂ ಘನ ಬೇಕು. ಆ ಚಿತ್ತಾರವನ್ನು ಸಮಯದೊಳಗೆ ಮುಗಿಸಿದ ಮಗುವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಕಾರ್ಡು ಕಂಡದ್ದೇ ಅವಳ ಮುಖ ಬದಲಾಯಿತು. ಅದು ಕೌದಿಯ ನಡುವಿನ ಹೂವಿನಂತೆಯೇ ಇತ್ತು. ಒಮ್ಮೆ ನೋಡಿದಳು. ಆಮೇಲೆ ಕಾರ್ಡಿನ ಕಡೆ ತಿರುಗಲೇ ಇಲ್ಲ. ಸೂಜಿ ಚುಚ್ಚಿ ಗಟ್ಟಿಯಾದ ಆ ಪುಟ್ಟ ಬೆರಳುಗಳು ಘನಗಳನ್ನು ಹೊರಳಿಸಿದ ರೀತಿಯನ್ನು ಹೇಗೆ ವರ್ಣಿಸಲಿ! ಒಂದನ್ನೂ ಎರಡನೆಯ ಸಲ ಮುಟ್ಟಲಿಲ್ಲ. ಚಿತ್ತಾರ ಮುಗಿಯಿತು, ಗಡಿಯಾರದಲ್ಲಿ ಇನ್ನೂ ಸಾಕಷ್ಟು ಹೊತ್ತಿತ್ತು.

ಹೇಮಂತ ಇದೊಂದನ್ನೂ ಕಾಣಲಿಲ್ಲ. ಕಾರ್ಡು ಇಟ್ಟ ಗಳಿಗೆಯಲ್ಲೇ ಪಕ್ಕದ ಮೇಜಿನ ಹುಡುಗಿ ಬಿಕ್ಕಿ ಬಿಕ್ಕಿ ಅಳತೊಡಗಿದ್ದಳು. ಅವನು ಅವಳೆದುರು ಕುಕ್ಕರುಗಾಲಲ್ಲಿ ಕೂತು ಪೆಪ್ಪರಮಿಂಟು ಕೊಟ್ಟು ಸಮಾಧಾನ ಮಾಡುತ್ತಿದ್ದ. ಅವನ ಬೆನ್ನು ನಮ್ಮ ಕಡೆಗಿತ್ತು.

ಫ್ಯಾನಿನ ಗಾಳಿಗೆ ಕಾರ್ಡು ಹಾರಿ ನೆಲಕ್ಕೆ ಬಿತ್ತು. ತುಳಜಾ ಗಾಬರಿಯಿಂದ ಮೇಲೆ ನೋಡಿದಳು. ಕೂಡಲೇ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದು ಸಾಲೂ ಕದಲದ ಹಾಗೆ ಚಿತ್ತಾರವನ್ನು ಸಾಲು ಸಾಲಾಗಿ ನನ್ನೊಳಗೆ ಇಳಿಸಿದಳು, ಮುಚ್ಚಳ ಜಾರಿಸಿದಳು. ಕೈ ಕಟ್ಟಿ ಕೂತಳು.

ನನ್ನ ಬಾಳಿನಲ್ಲಿ ನಾನು ಪೂರ್ಣವಾಗಿದ್ದದ್ದು ಆಗ.

ಗಡಿಯಾರ ನಿಂತಿತು. ಹೇಮಂತ ಎದ್ದು ಬಂದ. ಖಾಲಿ ಮೇಜು ನೋಡಿ ಅವನ ಮುಖ ಬಾಡಿತು. “ಯಾಕಮ್ಮ, ಮಾಡಲಿಲ್ವ?”

“ಮಾಡೇನ್ರಿ.”

“ಎಲ್ಲಿದೆ?”

“ಪೆಟ್ಟಿಗ್ಯಾಗ ಐತ್ರಿ.”

ಕಿಟಕಿಯಲ್ಲಿ ಇಣುಕುತ್ತಿದ್ದ ಮಕ್ಕಳು ಘೊಳ್ಳೆಂದು ನಕ್ಕರು. “ತುಳಜಿ ಪೆಟ್ಟಿಗಿ ಮುಚ್ಚಿ ಪಾಸಾದ್ಲೋ!” ಎಂದು ಒಬ್ಬ ಕೂಗಿದ. ಹೇಮಂತ ಗದರಿ ಅವರನ್ನು ಓಡಿಸಿದ. ಕೈಲಾಗದೆ ಎತ್ತಿಟ್ಟಿದ್ದಾಳೆ, ನಾಚಿಕೆಗೆ ಹಾಗೆನ್ನುತ್ತಾಳೆ ಎಂದು ತಿಳಿದ. “ಇರಲಿ ಪುಟ್ಟಿ, ಹೋಗು” ಎಂದು ಅವಳ ಕೈಗೂ ಒಂದು ಪೆಪ್ಪರಮಿಂಟು ಕೊಟ್ಟ. ಆಮೇಲೆ, ಪ್ರತಿ ಸಲದಂತೆ, ಮುಂದಿನ ಮಗುವಿಗಾಗಿ ನನ್ನನ್ನು ಬೋರಲು ಮಾಡಿ ಮುಚ್ಚಳ ಎಳೆದ. ಹದಿನಾರೂ ಘನಗಳು ಮೇಜಿನ ಮೇಲೆ ಚೆಲ್ಲಿಹೋದವು.

ಕೂಗಬೇಕೆಂದಿದ್ದೆ. ನನ್ನ ಭಾಷೆ ಯಾರಿಗೂ ಬೇಕಾಗಿರಲಿಲ್ಲ.

ಊಟದ ಹೊತ್ತಿಗೆ ಶಾಕಿರಾ ಟೀಚರ್ ಏದುಸಿರು ಬಿಡುತ್ತ ಬಂದರು. ಹಿಂದೆ ಅಂಬವ್ವ, ಅವಳ ಸೆರಗು ಹಿಡಿದು ತುಳಜಾ. ಅಂಬವ್ವನಿಗೆ ತಪ್ಪು ಎಲ್ಲಾಗಿದೆ ಎಂಬುದೇ ತಿಳಿದಿರಲಿಲ್ಲ. “ಮಂದಿ ಅಂಗಳದಾಗ ತುಂಡು ಜೋಡಿಸಿ ತೋರಸ್ತೀವ್ರಿ ಸಾಹೇಬ್ರ. ಮನಿಯಾಕಿ ಹೂಂ ಅಂದ್ಲಂದ್ರ ಸಾಲು ಸಾಲಾಗಿ ಗಂಟಿನ್ಯಾಗ ಕಟ್ಟತೀವಿ. ಇಲ್ಲಾಂದ್ರ ಗಾಳಿಗೆ ಹೋಗತೈತಿ, ಕೋಳಿ ಕೆದರತಾವು. ಸಣ್ಣಾಕಿದ್ದಾಗಿಂದ ಬೈದು ಬೈದು ಕಲಿಸೇನ್ರಿ. ಗಾಳಿ ಇತ್ತಲ್ರಿ, ಕಟ್ಟಿ ಇಟ್ಟಾಳ. ಚೊಲೊನ ಮಾಡ್ಯಾಳಲ್ರಿ?”

ಹೇಮಂತ ನನ್ನನ್ನು ನೋಡಿದ. ಅಷ್ಟರಲ್ಲಿ ನನ್ನ ಘನಗಳು ಬೇರೆ ಮಕ್ಕಳ ಕೈ ದಾಟಿ ಬಂದಿದ್ದವು.

“ಇನ್ನೊಮ್ಮೆ ಕೂಡಸ್ರಿ ಸರ್” ಎಂದರು ಟೀಚರ್.

“ಒಮ್ಮೆ ನೋಡಿದ ಕಾರ್ಡಿಗೆ ಎರಡನೇ ಸಲ ಅಂಕ ಕೊಡೋ ಹಾಗಿಲ್ಲ ಮೇಡಂ. ಎಲ್ಲರಿಗೂ ಅದೇ ನಿಯಮ.”

“ಅಕಿ ಮಾಡ್ಯಾಳಂತ ನಿಮಗ ಅನಸ್ತೈತೋ ಇಲ್ಲೋ? ಅಷ್ಟ ಹೇಳ್ರಿ.”

“ಅನ್ಸುತ್ತೆ ಮೇಡಂ. ಆದ್ರೆ ನಾನು ನೋಡಿಲ್ವಲ್ಲ. ನೋಡದೆ ಇರೋದನ್ನ ನೋಡಿದೆ ಅಂತ ಹೇಗೆ ಬರೀಲಿ?”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅದು ಅಷ್ಟು ಕ್ರೂರವಾಗಿತ್ತು. ತುಳಜಾ ಪೆಪ್ಪರಮಿಂಟನ್ನು ತಿಂದಿರಲಿಲ್ಲ. ಮುಷ್ಟಿಯಲ್ಲಿ ಹಿಡಿದೇ ಇದ್ದಳು. ಹೋಗುವ ಮುನ್ನ ಅದನ್ನು ಮೇಜಿನ ಮೇಲೆ, ನನ್ನ ಪಕ್ಕದಲ್ಲಿ, ಇಟ್ಟು ಹೋದಳು.

ಅಲ್ಲಿಂದ ಮುಂದೆ ಹೇಮಂತ ಎಂದೂ ನನ್ನನ್ನು ಬೋರಲು ಮಾಡಲಿಲ್ಲ. ಪ್ರತಿ ಸಲವೂ ಮೊದಲು ಮುಚ್ಚಳವನ್ನು ಒಂದಿಷ್ಟು ಜಾರಿಸಿ ಒಳಗೆ ಇಣುಕುತ್ತಿದ್ದ. ನನ್ನೊಳಗೆ ಮತ್ತೆಂದೂ ಚಿತ್ತಾರ ಇರಲಿಲ್ಲ.

ಕಾಲ ಸರಿಯಿತು. ವನಮಾಲಾ ಅವರು ತೀರಿಕೊಂಡರು. ಹೇಮಂತನಿಗೆ ಕನ್ನಡಕ ಬಂತು, ವರ್ಗವಾಯಿತು. ನಾನು ಧಾರವಾಡದ ಒಂದು ತರಬೇತಿ ಸಂಸ್ಥೆಯ ಉಗ್ರಾಣ ಸೇರಿದೆ. ಪರೀಕ್ಷೆಗಳು ಕಂಪ್ಯೂಟರಿಗೆ ಹೋದವು. ಕಾರ್ಡುಗಳನ್ನು ಇಲಿ ತಿಂದವು. ಗುಮಾಸ್ತನೊಬ್ಬ ನನ್ನ ಒಂದು ಘನ ತೆಗೆದು, ಅಲುಗುತ್ತಿದ್ದ ಬೀರುವಿನ ಕಾಲಿಗೆ ಕೊಟ್ಟ. ಅಂದಿನಿಂದ ಯಾರಾದರೂ ಎತ್ತಿದರೆ ನನ್ನೊಳಗೆ ಲೊಡಲೊಡ ಸದ್ದು. ಪುಟ್ಟಾಚಾರಿಯ ಮುಖ ನೆನಪಾಗಿ ನಾಚಿಕೆಯಾಗುತ್ತಿತ್ತು.

ಕಳೆದ ವಾರ ಉಗ್ರಾಣ ಖಾಲಿ ಮಾಡಲು ಗುತ್ತಿಗೆಯ ಇಬ್ಬರು ಹೆಂಗಸರು ಬಂದರು. ಒಬ್ಬಾಕೆ ನನ್ನ ಧೂಳು ಒರೆಸಿ ಮುಚ್ಚಳ ಜಾರಿಸಿದಳು. ಆ ಬೆರಳು ತಾಗಿದ ಕೂಡಲೇ ನನಗೆ ಗುರುತು ಸಿಕ್ಕಿತು. ಕೂದಲು ನರೆತಿತ್ತು, ಬೆರಳ ತುದಿ ಹಾಗೆಯೇ ಗಟ್ಟಿಯಾಗಿತ್ತು.

ಅವಳು ನೆಲದ ಮೇಲೆ ಕೂತಳು. ಕಾರ್ಡಿಲ್ಲ, ಗಡಿಯಾರವಿಲ್ಲ. ಘನಗಳನ್ನು ಹೊರಳಿಸಿ ಹೊರಳಿಸಿ ಇಡತೊಡಗಿದಳು.

“ಏನಬೇ ಅಕ್ಕಾ, ಈ ವಯಸ್ಸಿನ್ಯಾಗ ಆಟಾ ಆಡಾಕತ್ತಿ?” ಜೊತೆಯಾಕೆ ನಕ್ಕಳು.

“ಸಣ್ಣಾಕಿದ್ದಾಗ ಒಮ್ಮೆ ಆಡೇನಿ ಇದನ್ನ.”

“ಗೆದ್ದಿಯೋ?”

“ಸೋತೆ ಅಂದ್ರು.”

ಅದೇ ಹೂವು ಅರಳಿತು. ಒಂದು ಮೂಲೆ ಮಾತ್ರ ಖಾಲಿ. ತುಳಜಾ ಆ ಖಾಲಿ ಜಾಗವನ್ನು ನೋಡುತ್ತ ಕೂತಳು. ಆಮೇಲೆ ಕೈಯಲ್ಲಿದ್ದ ಒರೆಸುವ ಬಟ್ಟೆಯಿಂದ ಒಂದು ಕೆಂಪು ಚೂರು ಹರಿದು, ಮಡಿಸಿ ಮಡಿಸಿ ಘನದ ಗಾತ್ರಕ್ಕೆ ತಂದು, ಅಲ್ಲಿಟ್ಟಳು.

ಹೊರಗಿನಿಂದ ಮೇಸ್ತ್ರಿಯ ಕೂಗು ಕೇಳಿತು. “ಆತೇನಬೇ ತುಳಜವ್ವಾ? ಗಾಡಿ ಬಂತು!”

ಅವಳು ಗಡಿಬಿಡಿ ಮಾಡಲಿಲ್ಲ. ಚಿತ್ತಾರವನ್ನು ಸಾಲು ಸಾಲಾಗಿ ನನ್ನೊಳಗೆ ಇಳಿಸಿದಳು. ಮುಚ್ಚಳ ಜಾರಿಸಿದಳು. “ಆತ್ರಿ” ಎಂದಳು.

ಈಗ ನಾನು ಗುಜರಿ ಅಂಗಡಿಯಲ್ಲಿದ್ದೇನೆ. ಇಂದು ಬೆಳಿಗ್ಗೆ ಅಂಗಡಿಯವನು ನನ್ನನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಸದ್ದು ಬರಲಿಲ್ಲ.

“ಒಳಗ ಏನೂ ಇಲ್ಲ, ಬರೇ ಕಟ್ಟಿಗಿ” ಎಂದು ಸೌದೆಯ ರಾಶಿಗೆ ಎಸೆದ.

ಬಿದ್ದರೂ ಒಂದು ಸಾಲೂ ಕದಲಲಿಲ್ಲ. ಅಷ್ಟು ಬಿಗಿಯಾಗಿ ಇಟ್ಟುಹೋಗಿದ್ದಾಳೆ. ಒಲೆಗೆ ಹಾಕುವ ಮುನ್ನ ಯಾರಾದರೂ ಒಮ್ಮೆ ಮುಚ್ಚಳ ಜಾರಿಸಿ ನೋಡಿಯಾರೇ ಎಂದು ಕಾಯುತ್ತಿದ್ದೇನೆ.