ಹಿರಿಯರಿಗಿಂತ ಮುಂಚೆ ಹೋದ ಸುದ್ದಿ

ನರೀನ್ ಹೊಳೆಯ ದಂಡೆಯ ಆ ಊರಲ್ಲಿ ಸಾವಿನ ಸುದ್ದಿಯನ್ನು ಯಾರೂ ಒಬ್ಬರೇ ಹೋಗಿ ಹೇಳುವುದಿಲ್ಲ. ಹಿರಿಯರು ಕೂಡಿ ಹೋಗುತ್ತಾರೆ. ಕೂತು ಹುಲ್ಲು, ಹಿಮ, ಕುದುರೆ ಎಂದು ಸುತ್ತಿ ಬಳಸಿ ಮಾತಾಡುತ್ತಾರೆ. ಕೇಳುವವರ ಎದೆ ಹದವಾದ ಮೇಲೆಯೇ ಹೆಸರು ಬಾಯಿಗೆ ಬರುವುದು. ಊರೆಲ್ಲ ಅಪಾ, ಅಂದರೆ ಅಮ್ಮ, ಎಂದು ಕರೆಯುವ ಬುರುಲ್‌ಕಾನಳ ಮಗ ಎರ್ಮೆಕ್ ರಷ್ಯಾದಲ್ಲಿ ಕಟ್ಟಡದಿಂದ ಬಿದ್ದು ತೀರಿಕೊಂಡಿದ್ದ. ಮುದುಕಿಗೆ ಅದನ್ನು ಅಂದು ಮಧ್ಯಾಹ್ನದ ನಮಾಜಾದ ಮೇಲೆ ಹೇಳುವುದೆಂದು ನಿಶ್ಚಯವಾಗಿತ್ತು.

ಅದೇ ಬೆಳಿಗ್ಗೆ ನುರ್ಜಾದಾ ಊರ ಕಚೇರಿಯಲ್ಲಿ ಗೋರಿಪಟ್ಟಿಯ ಒಂಬೈನೂರು ಹೆಸರನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಳು. ಪ್ರೋಗ್ರಾಮು ಹೋದ ವರ್ಷ ಅವಳೇ ಬರೆದದ್ದು. ಒಂದು ಹೆಸರು ಸೇವ್ ಆದೊಡನೆ ಒಳಗಿಂದ ಸಿಗ್ನಲ್ ಎದ್ದು, ಆ ಮನೆಯವರ ಫೋನಿಗೆ ಸತ್ತವರಿಗಾಗಿ ಪ್ರಾರ್ಥನೆಯ ಮೆಸೇಜು ಹೋಗುತ್ತದೆ. ಎಲ್ಲವನ್ನೂ ಒಂದೇ ಗಂಟಾಗಿ ಸುರಿದರೆ ಸಿಗ್ನಲ್ ಏಳುವುದಿಲ್ಲ. ಅಂದು ತಾರೀಖು ತಿದ್ದಬೇಕಿತ್ತೆಂದು ಒಂದೊಂದನ್ನೇ ಸೇವ್ ಮಾಡಿಸಿದ್ದಳು; ಮೆಸೇಜು ಹೋಗದಂತೆ ಸಿಗ್ನಲ್ಲಿನ ಬಾಯಿ ಕಟ್ಟುವುದು ಮರೆತಿತ್ತು.

ಗುಮಾಸ್ತ ಸಾದಿರ್‌ನ ಫೋನು ಗುಂಯ್ ಎಂದಿತು. "ನಲವತ್ತು ವರ್ಷದ ಹಿಂದೆ ಹೋದ ನಮ್ಮಜ್ಜನ್ನ ಇವತ್ತು ಮತ್ತೆ ಮಣ್ಣು ಮಾಡಿದೆಯಲ್ಲೇ ತಂಗಿ," ಎಂದು ನಕ್ಕ.

ನುರ್ಜಾದಾ ಪ್ರೋಗ್ರಾಮನ್ನು ಅಲ್ಲಿಗೇ ನಿಲ್ಲಿಸಿದಳು. ಹೋದ ಮೆಸೇಜುಗಳ ಪಟ್ಟಿ ತೆರೆದಳು. ಮೊದಲ ಸಾಲೇ ಎರ್ಮೆಕ್. ಗೋರಿಯ ಜಾಗ ಗುರುತಿಸಲೆಂದು ಸಾದಿರ್ ಆ ಹೆಸರನ್ನು ನಿನ್ನೆಯೇ ಗೋರಿಪಟ್ಟಿಗೆ ಸೇರಿಸಿದ್ದ.

ಅವಳು ಅಪಾಳ ಮನೆಗೆ ಓಡಿದಳು. ಯಾ ಅಲ್ಲಾ, ಆ ಫೋನು ಒಲೆಗೆ ಬಿದ್ದಿರಲಿ, ಕುರಿ ತುಳಿದಿರಲಿ ಎಂದು ದಾರಿಯುದ್ದಕ್ಕೂ ಬೇಡಿದಳು.

ಅಪಾ ಹೊಸ್ತಿಲಲ್ಲಿ ಉಣ್ಣೆ ಹಿಂಜುತ್ತಿದ್ದಳು. ಫೋನು ಮಡಿಲಲ್ಲೇ ಇತ್ತು.

"ಬಾರೇ. ಏನೋ ಬಂದಿದೆ, ಕನ್ನಡಕ ಎಲ್ಲಿಟ್ಟೆನೋ ಕಾಣೆ. ನೀನೇ ಓದು."

ನುರ್ಜಾದಾ ನೋಡಿದಳು. ಮಗನ ಹೆಸರು, ಅದರ ಕೆಳಗೆ ಪ್ರಾರ್ಥನೆ. ಊರ ಕಚೇರಿಯದು, ಏನಿಲ್ಲ ಎಂದು ತೊದಲಿದಳು.

ಮುದುಕಿ ಅವಳ ಮುಖವನ್ನೇ ನೋಡಿದಳು. ಉಣ್ಣೆ ಹಿಂಜುತ್ತಿದ್ದ ಬೆರಳು ನಿಂತವು.

"ಹಿರಿಯರು ಬರ್ತಿದ್ದಾರಾ?"

ಸುಳ್ಳಾಡಲು ಉಸಿರಿರಲಿಲ್ಲ. "ನಮಾಜು ಮುಗಿಸಿ ಬರ್ತಾರೆ, ಅಪಾ."

"ಹಾಗಾದ್ರೆ ಅದನ್ನ ಓದಬೇಡ. ಅವರು ಬಂದು ಹೇಳೋವರೆಗೂ ನನ್ನ ಮಗ ಇರ್ಲಿ."

ಅಪಾ ಗೋಡೆ ಹಿಡಿದು ಎದ್ದು ಚಹಾಕ್ಕೆ ನೀರಿಡಲು ಒಳಗೆ ಹೋದಳು. ನುರ್ಜಾದಾ ಫೋನನ್ನು ಬೋರಲು ಮಾಡಿ ಎರಡೂ ಕೈಯಲ್ಲಿ ಅದುಮಿ ಹಿಡಿದು ಕೂತಳು. ಮಸೀದಿಯ ಕೂಗು ಇನ್ನೂ ಎದ್ದಿರಲಿಲ್ಲ.